ಒಂದು ದಿನಾಂಕ, ಹಲವು ನೆನಪುಗಳು: ಸೆಪ್ಟೆಂಬರ್ 17ನ್ನು ನಾವು ಹೇಗೆ ಓದಬೇಕು?

(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಮೂರು ತಾಲೂಕುಗಳಿಂದ ತಾವು ಇಲ್ಲಿ ಸೇರಿದ್ದೀರಿ. ಈ ಮೂರನ್ನೂ ಸರಕಾರಗಳಿಗಿಂತ ಮುಂಚೆಯೇ ಬೆಸೆದದ್ದು ನೀರು. ಆಳಂದದ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಅದೇ ಭೀಮೆ ಮುಂದೆ ಜೇವರ್ಗಿಯ ಸೀಮೆಯನ್ನು ಮುಟ್ಟಿ ಕೃಷ್ಣೆಯತ್ತ ಸಾಗುತ್ತಾಳೆ. ಆದರೆ 1947ರ ಆಗಸ್ಟ್ 15ರಂದು ಈ ನದಿಯ ಎರಡು ದಂಡೆಗಳು ಎರಡು ರಾಜ್ಯಗಳಾಗಿದ್ದವು. ಅಫಜಲಪುರದ ಎದುರು ದಂಡೆಯಲ್ಲಿ ಅಂದಿನ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯಿತ್ತು. ಅಲ್ಲಿ ತ್ರಿವರ್ಣ ಧ್ವಜವು ಹಾರಿತು. ಈ ದಂಡೆಯಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನವಿತ್ತು. ಇಲ್ಲಿ ಆ ಧ್ವಜವನ್ನು ಹಾರಿಸುವುದೇ ಅಪರಾಧವಾಗಿತ್ತು. ಸಂಸ್ಥಾನದ ಕಾಂಗ್ರೆಸ್ ನಾಯಕರಾಗಿದ್ದ ಸ್ವಾಮಿ ರಮಾನಂದ ತೀರ್ಥರನ್ನು ಅಂದೇ ಬಂಧಿಸಲಾಯಿತು. ನದಿಯ ಅಗಲವನ್ನು ದಾಟಲು ಸ್ವಾತಂತ್ರ್ಯಕ್ಕೆ 399 ದಿನಗಳು ಬೇಕಾದವು. ಅದು ದಾಟಿ ಬಂದ ದಿನವೇ 1948ರ ಸೆಪ್ಟೆಂಬರ್ 17.

ಈ ದಿನಾಂಕವು ಪ್ರತಿ ವರ್ಷ ಬರುತ್ತದೆ. ಕಚೇರಿಗಳ ಮೇಲೆ, ಶಾಲೆಗಳ ಅಂಗಳದಲ್ಲಿ ಧ್ವಜವೇರುತ್ತದೆ. ಭಾಷಣಗಳಾಗುತ್ತವೆ. ಆದರೆ ನಮ್ಮ ಅನೇಕ ಮನೆಗಳಲ್ಲಿ ಅಂದು ಒಂದು ಬಗೆಯ ಮೌನ ಆವರಿಸುತ್ತದೆ. ಮಕ್ಕಳು ಶಾಲೆಯಿಂದ ಬಂದು, 'ರಜಾಕಾರರೆಂದರೆ ಯಾರು?' ಎಂದು ಕೇಳಿದರೆ ತಂದೆಯು ಮಾತು ಬದಲಿಸುತ್ತಾರೆ, ತಾಯಿಯು ಅಡುಗೆ ಮನೆಗೆ ಹೋಗುತ್ತಾರೆ. ಈ ಮೌನವು ನಮಗೆ ಒಳಿತು ಮಾಡಿದೆಯೇ? ಇಲ್ಲ ಎಂಬುದು ನನ್ನ ಅಭಿಪ್ರಾಯ. ಅದೇಕೆಂಬುದನ್ನು ತಮ್ಮ ಮುಂದಿಡುವುದೇ ಈ ಮಾತಿನ ಉದ್ದೇಶ.

ದಿನಕ್ಕೆ ತನ್ನದೇ ಆದ ಗುಣವಿಲ್ಲ

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಯಾವುದೇ ದಿನಾಂಕಕ್ಕೆ ತನ್ನದೇ ಆದ ಶುಭವೂ ಇಲ್ಲ, ಅಶುಭವೂ ಇಲ್ಲ. ಪ್ರವಾದಿಯವರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಜನರು ಈ ಎರಡನ್ನೂ ಜೋಡಿಸಿ ಮಾತಾಡತೊಡಗಿದಾಗ, ಯಾರೊಬ್ಬರ ಹುಟ್ಟು ಸಾವಿಗಾಗಿಯೂ ಗ್ರಹಣವಾಗುವುದಿಲ್ಲವೆಂದು ಪ್ರವಾದಿಯವರು(ಸ) ತಿದ್ದಿದರು. ತನ್ನ ದುಃಖದ ಗಳಿಗೆಯಲ್ಲೂ ಕಾಕತಾಳೀಯಕ್ಕೆ ಅರ್ಥ ಹಚ್ಚಲು ಒಪ್ಪದ ಆ ನಿಲುವು ನಮಗೆ ಮಾರ್ಗದರ್ಶಿಯಾಗಬೇಕು.

ಸೆಪ್ಟೆಂಬರ್ 17ರ ಪುಟವನ್ನು ತೆರೆದು ನೋಡಿ. 1787ರ ಈ ದಿನ ಅಮೆರಿಕದ ಸಂವಿಧಾನಕ್ಕೆ ಫಿಲಡೆಲ್ಫಿಯಾದಲ್ಲಿ 39 ಮಂದಿ ಸಹಿ ಹಾಕಿದರು. ಪ್ರಾತಿನಿಧ್ಯದ ಲೆಕ್ಕದಲ್ಲಿ ಅದು ಐವರು ಗುಲಾಮರನ್ನು ಮೂವರೆಂದು ಎಣಿಸಿತು. 1879ರ ಈ ದಿನ ಈರೋಡಿನಲ್ಲಿ ಪೆರಿಯಾರ್ ಇ.ವಿ. ರಾಮಸ್ವಾಮಿ ಹುಟ್ಟಿದರು, ಮುಂದೆ ಅವರು ಜಾತಿಯ ಅಹಂಕಾರವನ್ನು ಪ್ರಶ್ನಿಸಿದರು. 1939ರ ಈ ದಿನ, ಪಶ್ಚಿಮದಿಂದ ಜರ್ಮನಿ ಈಗಾಗಲೇ ನುಗ್ಗಿದ್ದ ಪೋಲೆಂಡನ್ನು ಸೋವಿಯತ್ ಸೇನೆಯು ಪೂರ್ವದಿಂದ ಪ್ರವೇಶಿಸಿತು. 2014ರಲ್ಲಿ ಪ್ರಧಾನಿಯಾದ ನರೇಂದ್ರ ಮೋದಿಯವರು ಹುಟ್ಟಿದ್ದು 1950ರ ಇದೇ ದಿನ. 1978ರ ಇದೇ ದಿನ ಈಜಿಪ್ಟಿನ ಅನ್ವರ್ ಸಾದಾತ್ ಮತ್ತು ಇಸ್ರೇಲಿನ ಮೆನಾಖೆಮ್ ಬೆಗಿನ್ ಅವರು ಅಧ್ಯಕ್ಷ ಕಾರ್ಟರ್‌ರ ಸಮ್ಮುಖದಲ್ಲಿ ಕ್ಯಾಂಪ್ ಡೇವಿಡ್ ಒಪ್ಪಂದಕ್ಕೆ ಸಹಿ ಹಾಕಿದರು. ಯಾರ ನೆಲದ ಪ್ರಶ್ನೆಯಿತ್ತೋ ಆ ಫೆಲೆಸ್ತೀನಿಯರು ಆ ಮೇಜಿನ ಮುಂದಿರಲಿಲ್ಲ. ನಾಲ್ಕೇ ವರ್ಷಗಳ ಬಳಿಕ, 1982ರ ಸೆಪ್ಟೆಂಬರ್ 16ರಿಂದ 18ರ ವರೆಗೆ, ಬೈರೂತಿನ ಸಬ್ರಾ ಮತ್ತು ಶತೀಲಾ ನಿರಾಶ್ರಿತ ಶಿಬಿರಗಳಲ್ಲಿ ಫೆಲೆಸ್ತೀನಿ ಹೆಂಗಸರು ಮಕ್ಕಳೆನ್ನದೆ ಹತ್ಯಾಕಾಂಡ ನಡೆಯಿತು. ಇಸ್ರೇಲಿ ಸೇನೆಯು ಸುತ್ತುವರಿದಿದ್ದ ಆ ಶಿಬಿರಗಳೊಳಗೆ ಕೊಂದವರು ಲೆಬನಾನಿನ ಫಲಾಂಜಿಸ್ಟ್ ಪಡೆಯವರು. ನಮ್ಮಲ್ಲಿ ಬಡಗಿ, ಕಮ್ಮಾರ, ಅಕ್ಕಸಾಲಿಗರು ವಿಶ್ವಕರ್ಮ ಜಯಂತಿಯನ್ನು ಆಚರಿಸುವುದೂ ಇದೇ ದಿನ.

ಇವುಗಳ ನಡುವೆ ಏನು ಸಂಬಂಧ? ಏನೂ ಇಲ್ಲ. ಇಂಗ್ಲಿಷ್ ಕ್ಯಾಲೆಂಡರಿನ ಒಂದು ಚೌಕದಲ್ಲಿ ಅವು ಒಟ್ಟಿಗೆ ಬಿದ್ದಿವೆ, ಅಷ್ಟೇ. ಕ್ಯಾಲೆಂಡರ್ ಬದಲಿಸಿದರೆ ಆ ನೆರೆಹೊರೆಯೂ ಚದುರಿ ಹೋಗುತ್ತದೆ. ಉದಾಹರಣೆಗೆ, ಕಲಬುರಗಿಯ ಹಝ್ರತ್ ಖ್ವಾಜಾ ಬಂದೇ ನವಾಝ್‌ರ ನಿಧನ ಹಿಜ್ರಿ 825ರ ಝುಲ್‌ಕಅದ್ 16ರಂದು ಆಯಿತು. ಅದನ್ನು ಕ್ರಿಸ್ತಶಕಕ್ಕೆ ಹೊಂದಿಸಿದಾಗ 1422ರ ನವೆಂಬರ್ 1 ಎಂದು ಬರೆಯಲಾಗುತ್ತದೆ. ಬೀದರ್, ಗುಲ್ಬರ್ಗಾ, ರಾಯಚೂರುಗಳು ಹೈದರಾಬಾದಿನಿಂದ ಬೇರ್ಪಟ್ಟು ವಿಶಾಲ ಮೈಸೂರು ರಾಜ್ಯವನ್ನು ಸೇರಿದ್ದು 1956ರ ನವೆಂಬರ್ 1ರಂದು. ಹಾಗಿದ್ದರೂ ಉರೂಸಿಗೆ ಹೋಗುವ ಯಾರೂ ನವೆಂಬರ್ 1ಕ್ಕೆ ಕಾಯುವುದಿಲ್ಲ; ಅವರಿಗೆ ಬೇಕಿರುವುದು ಝುಲ್‌ಕಅದ್‌ನ ಚಂದ್ರ.

ಆದುದರಿಂದ ದಿನಾಂಕವು ತಾನಾಗಿ ಏನನ್ನೂ ಹೇಳುವುದಿಲ್ಲ. ಅದರಿಂದ ಯಾವುದನ್ನು ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮನುಷ್ಯರೇ ನಿರ್ಧರಿಸುತ್ತಾರೆ. ನೆನಪಿನ ರಾಜಕೀಯವು ಹುಟ್ಟುವುದು ಇಲ್ಲಿಯೇ.

ಒಂದೇ ಶುಕ್ರವಾರ

1948ರ ಸೆಪ್ಟೆಂಬರ್ 17 ಶುಕ್ರವಾರವಾಗಿತ್ತು. ಅಂದು ಹೈದರಾಬಾದಿನಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಕದನ ನಿಲ್ಲಿಸುವ ನಿರ್ಧಾರವನ್ನು ರೇಡಿಯೋ ಮೂಲಕ ಪ್ರಕಟಿಸಿದರು. ಲಾಯಿಕ್ ಅಲಿಯವರ ಮಂತ್ರಿಮಂಡಲವು ರಾಜೀನಾಮೆ ನೀಡಿತು. ಸೆಪ್ಟೆಂಬರ್ 13ರಂದು ಆರಂಭವಾಗಿದ್ದ ಸೇನಾ ಕಾರ್ಯಾಚರಣೆಯು ಐದು ದಿನಗಳಲ್ಲಿ ಮುಗಿಯಿತು. ಮರುದಿನ ನಿಜಾಮರ ಸೇನಾಧಿಪತಿ ಅಲ್ ಇದ್ರೂಸ್ ಅವರು ಮೇಜರ್ ಜನರಲ್ ಜೆ.ಎನ್. ಚೌಧರಿಯವರ ಮುಂದೆ ವಿಧಿವತ್ತಾಗಿ ಶರಣಾದರು.

ಅದೇ ಶುಕ್ರವಾರ ಜೆರುಸಲೇಮಿನಲ್ಲಿ ವಿಶ್ವಸಂಸ್ಥೆಯ ಮಧ್ಯಸ್ಥಗಾರ, ಸ್ವೀಡನ್‌ನ ಕೌಂಟ್ ಫೋಲ್ಕೆ ಬರ್ನಡೋಟ್ ಅವರನ್ನು ಲೆಹಿ ಎಂಬ ಯಹೂದಿ ಉಗ್ರ ಸಂಘಟನೆಯವರು ನಡುರಸ್ತೆಯಲ್ಲಿ ಗುಂಡಿಟ್ಟು ಕೊಂದರು. ಜೊತೆಗಿದ್ದ ಫ್ರೆಂಚ್ ಕರ್ನಲ್ ಆಂದ್ರೆ ಸೆರೋ ಕೂಡಾ ಸತ್ತರು. ಮಹಾಯುದ್ಧದ ಕೊನೆಯಲ್ಲಿ ಜರ್ಮನಿಯ ಶಿಬಿರಗಳಿಂದ ಯಹೂದಿಯರೂ ಸೇರಿ ಸಾವಿರಾರು ಕೈದಿಗಳನ್ನು ಬಿಡಿಸಿ ತಂದವರು ಈ ಬರ್ನಡೋಟ್. ಮನೆ ಬಿಟ್ಟು ಹೋಗಬೇಕಾಗಿ ಬಂದ ಫೆಲೆಸ್ತೀನಿ ನಿರಾಶ್ರಿತರಿಗೆ ಮರಳುವ ಹಕ್ಕಿದೆಯೆಂದು ತನ್ನ ವರದಿಯಲ್ಲಿ ಬರೆದ ಮರುದಿನವೇ ಅವರ ಕೊಲೆಯಾಯಿತು. ಅದೇ ವರ್ಷದ ಡಿಸೆಂಬರ್ 11ರಂದು ವಿಶ್ವಸಂಸ್ಥೆಯು ಅಂಗೀಕರಿಸಿದ 194ನೇ ನಿರ್ಣಯದಲ್ಲಿ ಆ ಮಾತು ಉಳಿಯಿತು. ಆದರೆ ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಈ ಎರಡು ಘಟನೆಗಳನ್ನು ನಾನು ಹೋಲಿಸುತ್ತಿಲ್ಲ. ನಮ್ಮ ಸಭೆಗಳಲ್ಲಿ ಬೈರೂತ್, ಜೆರುಸಲೇಮ್‌ಗಳ ಬಗ್ಗೆ ನಾವು ಕಣ್ಣೀರು ತುಂಬಿ ಮಾತಾಡುತ್ತೇವೆ. ಅದು ಸರಿಯೇ. ಆದರೆ ಅದೇ ದಿನಾಂಕದಂದು ನಮ್ಮ ಅಂಗಳದಲ್ಲೇ ಏನಾಯಿತೆಂದು ಕೇಳಿದರೆ ನಮ್ಮ ಬಳಿ ಉತ್ತರವಿಲ್ಲ. ದೂರದ ನೋವಿಗೆ ನಾಲಗೆಯುಳ್ಳವರು ಹತ್ತಿರದ ಚರಿತ್ರೆಗೆ ಮೂಗರಾದರೆ ಆ ಕಣ್ಣೀರಿನ ಪ್ರಾಮಾಣಿಕತೆಯನ್ನೇ ಜನರು ಸಂಶಯಿಸುತ್ತಾರೆ.

ಪೂರ್ಣ ಸತ್ಯದ ಮೊದಲ ಭಾಗ

ಹೈದರಾಬಾದ್ ಸಂಸ್ಥಾನದ ದೊರೆಯು ಮುಸ್ಲಿಮನಾಗಿದ್ದನು. ಆದರೆ ಅದು ಮುಸ್ಲಿಮರ ರಾಜ್ಯವಾಗಿತ್ತೇ? ಒಂದು ಕೋಟಿ ಅರುವತ್ತು ಲಕ್ಷದಷ್ಟು ಪ್ರಜೆಗಳಲ್ಲಿ ಮುಸ್ಲಿಮರು ಏಳೆಂಟು ಮಂದಿಗೆ ಒಬ್ಬರಂತೆ ಇದ್ದರು. ಆ ಒಬ್ಬನಲ್ಲೂ ಹೆಚ್ಚಿನವನು ನೇಕಾರ, ಗಾಡಿ ಹೊಡೆಯುವವನು, ಸಣ್ಣ ರೈತ ಅಥವಾ ಕೂಲಿ. ಜಾಗೀರು, ಪಾಯಗಾ, ದೇಶಮುಖಿಗಳ ಆ ವ್ಯವಸ್ಥೆಯಲ್ಲಿ ಸುಖಪಟ್ಟವರು ಎರಡೂ ಧರ್ಮದ ಕೆಲವು ಕುಟುಂಬಗಳು. ಬೆವರು ಸುರಿಸಿದವರು ಎರಡೂ ಧರ್ಮದ ಬಡವರು. ಜನರಿಂದ ಆಯ್ಕೆಯಾಗದ, ಜನರಿಗೆ ಉತ್ತರಿಸದ ಒಂದು ಆಡಳಿತವನ್ನು ಅದರ ಒಡೆಯನ ಹೆಸರಿನ ಕಾರಣಕ್ಕಾಗಿ ನಮ್ಮದೆಂದು ಹೇಳಿಕೊಳ್ಳುವುದರಲ್ಲಿ ಯಾವ ಹೆಮ್ಮೆಯೂ ಇಲ್ಲ.

ಲಾತೂರಿನಲ್ಲಿ ವಕೀಲರಾಗಿದ್ದ ಕಾಸಿಮ್ ರಝ್ವಿಯವರ ನಾಯಕತ್ವದ ರಜಾಕಾರರು ಹಳ್ಳಿಗಳನ್ನು ಲೂಟಿ ಮಾಡಿದರು, ಮನೆಗಳಿಗೆ ಬೆಂಕಿಯಿಟ್ಟರು, ಕೊಂದರು. ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ನಿರಪರಾಧಿಗಳ ಹತ್ಯಾಕಾಂಡವನ್ನು ಈ ಭಾಗವು ಇಂದಿಗೂ ಮರೆತಿಲ್ಲ, ಮರೆಯಲೂಬಾರದು. ಗಡಿಯಾಚೆಗೆ ಜೀವ ಹಿಡಿದು ಓಡಿದ ಕುಟುಂಬಗಳ ಮೊಮ್ಮಕ್ಕಳು ಇಂದು ನಮ್ಮ ನೆರೆಹೊರೆಯಲ್ಲಿದ್ದಾರೆ. ಇದನ್ನು ಅಲ್ಲಗಳೆಯುವುದಾಗಲಿ, 'ಅವರೂ ಹಾಗೆ ಮಾಡಿದರಲ್ಲ' ಎಂದು ಸಮಜಾಯಿಷಿ ನೀಡುವುದಾಗಲಿ ನ್ಯಾಯವಲ್ಲ. ಅನ್ಯಾಯವು ನಮ್ಮ ಹೆಸರಿನವನಿಂದಾದರೂ ಅನ್ಯಾಯವೇ.

ಆದರೆ ಇದೇ ಅಧ್ಯಾಯದಲ್ಲಿ ನಮ್ಮ ಮಕ್ಕಳಿಗೆ ತಿಳಿಯದ ಇನ್ನೊಂದು ಹೆಸರಿದೆ. ಶುಐಬುಲ್ಲಾ ಖಾನ್. 'ಇಮ್ರೋಝ್' ಎಂಬ ಉರ್ದು ದೈನಿಕದ ತರುಣ ಸಂಪಾದಕ. ರಜಾಕಾರರ ದೌರ್ಜನ್ಯವನ್ನು ಅವರು ನಿರ್ಭೀತಿಯಿಂದ ಖಂಡಿಸಿದರು. ಸಂಸ್ಥಾನವು ಭಾರತವನ್ನು ಸೇರಬೇಕೆಂದು ಬರೆದರು. ಅದೇ ಮಾತನ್ನು ಹೇಳಿದ ಏಳು ಮಂದಿ ಮುಸ್ಲಿಮ್ ಗಣ್ಯರ ಹೇಳಿಕೆಗೂ ತಮ್ಮ ಪತ್ರಿಕೆಯಲ್ಲಿ ಸ್ಥಳ ಕೊಟ್ಟರು. 1948ರ ಆಗಸ್ಟ್ 21ರ ರಾತ್ರಿ, ಕಚೇರಿಯಿಂದ ಮನೆಗೆ ಮರಳುವ ದಾರಿಯಲ್ಲಿ ಅವರ ಮೇಲೆ ಗುಂಡು ಹಾರಿಸಲಾಯಿತು. ಬರೆಯುವ ಕೈಯನ್ನು ಕತ್ತರಿಸಲಾಯಿತು. ಹೈದರಾಬಾದ್ ಭಾರತವನ್ನು ಸೇರುವುದನ್ನು ಕಾಣಲು ಅವರಿಗೆ ಇನ್ನು ನಾಲ್ಕೇ ವಾರಗಳು ಬೇಕಿದ್ದವು.

'ನೀವು ರಜಾಕಾರರ ಸಂತತಿ' ಎಂದು ಯಾರಾದರೂ ನಮ್ಮ ಮಗುವನ್ನು ಹಂಗಿಸಿದಾಗ ಆ ಮಗು ತಲೆ ತಗ್ಗಿಸಬೇಕಿಲ್ಲ, ಜಗಳಕ್ಕೂ ನಿಲ್ಲಬೇಕಿಲ್ಲ. ಶುಐಬುಲ್ಲಾ ಖಾನರ ಕಥೆಯನ್ನು ಹೇಳಿದರೆ ಸಾಕು. ಆದರೆ ಆ ಕಥೆಯನ್ನು ಮಗುವಿಗೆ ಹೇಳಿಕೊಟ್ಟವರು ಯಾರು? ಆ ಕೆಲಸ ನಮ್ಮದಾಗಿತ್ತು.

ಎರಡನೆಯ ಭಾಗ

ಪೂರ್ಣ ಸತ್ಯಕ್ಕೆ ಇನ್ನೊಂದು ಭಾಗವೂ ಇದೆ. ಕಾರ್ಯಾಚರಣೆಯ ದಿನಗಳಲ್ಲಿ ಮತ್ತು ಅದರ ಬಳಿಕದ ವಾರಗಳಲ್ಲಿ, ರಜಾಕಾರರ ಅಪರಾಧದ ಸೇಡನ್ನು ಏನೂ ಅರಿಯದ ಮುಸ್ಲಿಮರ ಮೇಲೆ ತೀರಿಸಿಕೊಳ್ಳಲಾಯಿತು. ಪ್ರಧಾನಿ ನೆಹರೂ ಕಾಲದ ಕೇಂದ್ರ ಸರಕಾರವು ಪಂಡಿತ್ ಸುಂದರಲಾಲ್, ಕಾಝಿ ಅಬ್ದುಲ್ ಗಫ್ಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ತಂಡವನ್ನು ಕಳುಹಿಸಿತು. 1948ರ ನವೆಂಬರ್ 29ರಿಂದ ಡಿಸೆಂಬರ್ 21ರ ವರೆಗೆ ಅವರು ಸಂಸ್ಥಾನದ 16 ಜಿಲ್ಲೆಗಳಲ್ಲಿ ಒಂಬತ್ತನ್ನು ಸುತ್ತಿದರು. ಸತ್ತವರ ಸಂಖ್ಯೆ ಕಡಿಮೆಯೆಂದರೆ 27ರಿಂದ 40 ಸಾವಿರವೆಂದು ಅವರು ಅಂದಾಜಿಸಿದರು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ನಾಂದೇಡ್, ಬೀದರ್‌ಗಳ ಜೊತೆಗೆ ನಮ್ಮ ಗುಲ್ಬರ್ಗಾವನ್ನೂ ಹೆಸರಿಸಿದರು. ಆ ವರದಿಯು ದಶಕಗಳ ಕಾಲ ಪ್ರಕಟವಾಗಲಿಲ್ಲ.

ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಶವೂ ಇದೆ. ಅನೇಕ ಕಡೆ ಹಿಂದೂಗಳು ತಮ್ಮ ಮುಸ್ಲಿಮ್ ನೆರೆಯವರನ್ನು ರಕ್ಷಿಸಿದರು. ಕೆಲವೆಡೆ ಹಿಂದೂ ನೇಕಾರರು ಮುಸ್ಲಿಮ್ ನೇಕಾರರಿಗಾಗಿ ಎದುರು ನಿಂತು, ತಮ್ಮ ಪ್ರಾಣವನ್ನೂ ಕಳೆದುಕೊಂಡರು. ಕೊಂದವರ ನೆನಪಿದ್ದು ಕಾಪಾಡಿದವರ ನೆನಪಿಲ್ಲದಿದ್ದರೆ ಅದು ಕೃತಘ್ನತೆಯಾಗುತ್ತದೆ.

ಹೀಗೆ ಒಂದೇ ದಿನಾಂಕದ ಎರಡು ಬದಿಗಳಲ್ಲಿ ಎರಡು ಸಾಲು ಸಮಾಧಿಗಳಿವೆ. ಆಗಸ್ಟ್‌ವರೆಗಿನ ಸಾಲು ಒಂದು, ಸೆಪ್ಟೆಂಬರ್‌ನಿಂದಾಚೆಯದು ಇನ್ನೊಂದು. ಒಂದು ಓಣಿಯವರು ಮೊದಲನೆಯದನ್ನು ಮಾತ್ರ ಎಣಿಸುತ್ತಾರೆ, ಮತ್ತೊಂದು ಓಣಿಯವರು ಎರಡನೆಯದನ್ನು ಮಾತ್ರ. ಒಂದನ್ನು ಇನ್ನೊಂದರಿಂದ ಕಳೆದರೆ ಲೆಕ್ಕ ಸರಿಹೋಗುವುದಿಲ್ಲ. ಇವೆರಡೂ ಕೂಡಿಸಬೇಕಾದ ಸಂಖ್ಯೆಗಳು. ಸತ್ತವರೆಲ್ಲರೂ ಈ ಮಣ್ಣಿನವರೇ ಎಂದು ಹೇಳುವ ಧೈರ್ಯ ಎರಡೂ ಕಡೆ ಬರಬೇಕು. ಯಾರಾದರೊಬ್ಬರು ಮೊದಲು ಆರಂಭಿಸಬೇಕಲ್ಲವೇ? ನಾವೇ ಆರಂಭಿಸೋಣ.

ಒಂದು ದಿನ, ನಾಲ್ಕು ಹೆಸರು

ಈ ದಿನವನ್ನು ಯಾವ ಹೆಸರಿನಿಂದ ಕರೆಯಬೇಕೆಂಬ ಜಗಳವೂ ಇದೆ. ನಮ್ಮಲ್ಲಿ ಅದು ಬಹುಕಾಲ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವಾಗಿತ್ತು. 2019ರ ಸೆಪ್ಟೆಂಬರ್ 17ರಂದು ಪ್ರದೇಶಕ್ಕೆ 'ಕಲ್ಯಾಣ ಕರ್ನಾಟಕ' ಎಂಬ ಹೆಸರು ಬಂತು. ದಿನವು ಕಲ್ಯಾಣ ಕರ್ನಾಟಕ ಉತ್ಸವವಾಯಿತು. ಮಹಾರಾಷ್ಟ್ರದಲ್ಲಿ ಅದು ಮರಾಠವಾಡಾ ಮುಕ್ತಿ ಸಂಗ್ರಾಮ ದಿನ. 2022ರಲ್ಲಿ ಹೈದರಾಬಾದ್ ನಗರದಲ್ಲಿ ಕೇಂದ್ರ ಸರಕಾರವು ವಿಮೋಚನಾ ದಿನವನ್ನೂ ರಾಜ್ಯ ಸರಕಾರವು ರಾಷ್ಟ್ರೀಯ ಏಕೀಕರಣ ದಿನವನ್ನೂ ಬೇರೆ ಬೇರೆ ಮೈದಾನಗಳಲ್ಲಿ ಆಚರಿಸಿದವು. ಒಂದೇ ದಿನ, ಒಂದೇ ಊರು, ಎರಡು ಧ್ವಜಸ್ತಂಭಗಳು!

ಹೆಸರಿನ ವಿವಾದವನ್ನು ರಾಜಕಾರಣಿಗಳಿಗೆ ಬಿಡೋಣ. ಒಂದು ದಿನವನ್ನು ಹಂಚಿಕೊಳ್ಳಲು ಬಾರದಿದ್ದರೆ ಏನಾಗುತ್ತದೆಂಬುದನ್ನು ಆಳಂದದವರಿಗೆ ನಾನು ಹೇಳಬೇಕಿಲ್ಲ. ಎರಡೂ ಸಮುದಾಯದವರು ಶ್ರದ್ಧೆಯಿಂದ ಬರುವ ಲಾಡ್ಲೆ ಮಶಾಯಿಖ್ ದರ್ಗಾದ ಬಳಿ 2022ರ ಶಿವರಾತ್ರಿಯಂದು ಕಲ್ಲುಗಳು ತೂರಿಬಂದವು, ನಿಷೇಧಾಜ್ಞೆ ಜಾರಿಯಾಯಿತು. 2023ರ ಶಿವರಾತ್ರಿಗೆ ಬೆಳಗಿನ ಹೊತ್ತು ಮುಸ್ಲಿಮರಿಗೆ, ಮಧ್ಯಾಹ್ನದ ಬಳಿಕ ಹಿಂದೂಗಳಿಗೆ ಎಂದು ಸಮಯ ವಿಂಗಡಿಸಬೇಕಾಯಿತು. ದಿನವೇನೋ ಶಾಂತವಾಗಿ ಕಳೆಯಿತು. ಆದರೆ ನೆರೆಯವರು ಪರಸ್ಪರ ಮಾತಾಡಿ ಹಂಚಿಕೊಳ್ಳಬೇಕಾದ ದಿನವನ್ನು ನ್ಯಾಯಪೀಠವು ಗಡಿಯಾರ ಹಿಡಿದು ಹಂಚಬೇಕಾಗಿ ಬಂದುದು ನಮಗಾರಿಗೂ ಗೌರವದ ಸಂಗತಿಯಲ್ಲ.

ಈಗ ಮಾಡಬೇಕಾದುದೇನು?

ಸಹೋದರರೇ, ಈ ದಿನದ ನಿಜವಾದ ಫಲ ಯಾವುದು? ನಿಜಾಮರು ಹೋಗಿ ಇನ್ನೊಬ್ಬ ಒಡೆಯನು ಬಂದುದಲ್ಲ. 1950ರ ಜನವರಿ 26ರಂದು ಆಳಂದದ ಕೂಲಿಯವನೂ ಹೈದರಾಬಾದಿನ ನವಾಬನೂ ಒಂದೇ ಸಂವಿಧಾನದ ಕೆಳಗೆ ಸಮಾನ ಪೌರರಾದರು. ಇಬ್ಬರಿಗೂ ಒಂದೊಂದೇ ಮತ. ಅಮೆರಿಕದ ಸಂವಿಧಾನವು 1787ರಲ್ಲಿ ನೀಡದ್ದನ್ನು ನಮ್ಮ ಸಂವಿಧಾನವು ಮೊದಲ ದಿನವೇ ನೀಡಿತು. ಸೆಪ್ಟೆಂಬರ್ 17 ನಮಗೂ ಸೇರಿದ್ದು ಈ ಕಾರಣಕ್ಕಾಗಿ.

ಆದರೆ ವಿಮೋಚನೆಯು ಅರ್ಧಕ್ಕೇ ನಿಂತಿತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 21 ನಮ್ಮ ಗುಲ್ಬರ್ಗಾ ವಿಭಾಗದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ಹಿಂದುಳಿದಿರುವಿಕೆಯು ಓಣಿ ನೋಡಿ ಬರಲಿಲ್ಲ. ದೀರ್ಘ ಹೋರಾಟದ ಬಳಿಕ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿಯು ಬಂದು, 2013ರಿಂದ ಉದ್ಯೋಗ ಮತ್ತು ಶಿಕ್ಷಣದಲ್ಲಿ ಸ್ಥಳೀಯರಿಗೆ ಮೀಸಲಾತಿ ದೊರೆಯಿತು. ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು, ಹೊರಗಿನವುಗಳಲ್ಲಿ ಶೇ. 8ರಷ್ಟು ಸೀಟುಗಳು, ಉದ್ಯೋಗದಲ್ಲಿ ದರ್ಜೆಗನುಗುಣವಾಗಿ ಶೇ. 75ರಿಂದ 85ರ ವರೆಗೆ. ಇದು ಧರ್ಮದ ಆಧಾರದ ಮೀಸಲಾತಿಯಲ್ಲ, ನೆಲದ ಆಧಾರದ್ದು. ಈ ನೆಲದಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ, 2013ಕ್ಕೆ ಮುಂಚೆ ಹತ್ತು ವರ್ಷ ಇಲ್ಲಿ ನೆಲೆಸಿದವರಿಗೂ ಇದರಲ್ಲಿ ಪಾಲಿದೆ.

ಆದುದರಿಂದ ತಮ್ಮಲ್ಲಿ ನಾಲ್ಕು ವಿನಂತಿಗಳಿವೆ.

ಮೊದಲನೆಯದಾಗಿ, ಮುಂದಿನ ಸೆಪ್ಟೆಂಬರ್ 17ರಂದು ಮಕ್ಕಳ ಕೈ ಹಿಡಿದು ಧ್ವಜಾರೋಹಣಕ್ಕೆ ಹೋಗಿ. ಯಾರಿಗೋ ತೋರಿಸಲೆಂದು ಹೋಗಬೇಡಿ. ಅದು ತಮ್ಮ ಮನೆಯ ದಿನವೂ ಆಗಿದೆಯೆಂಬ ಕಾರಣಕ್ಕೆ ಹೋಗಿ.

ಎರಡನೆಯದಾಗಿ, ಮಕ್ಕಳಿಗೆ ಈ ಚರಿತ್ರೆಯನ್ನು ಕ್ರಮವಾಗಿ ಹೇಳಿ. ಗೋರ್ಟಾವನ್ನೂ ಹೇಳಿ, ಶುಐಬುಲ್ಲಾ ಖಾನರನ್ನೂ ಹೇಳಿ, ಸುಂದರಲಾಲ್ ವರದಿಯನ್ನೂ ಹೇಳಿ, ನೆರೆಯವರಿಗಾಗಿ ಪ್ರಾಣ ಕೊಟ್ಟ ನೇಕಾರರನ್ನೂ ಹೇಳಿ. ಯಾವುದನ್ನೂ ಬಿಟ್ಟು ಹೇಳಬೇಡಿ. ನಾವು ಹೇಳದಿದ್ದರೆ ಅರೆಬರೆ ಸತ್ಯವನ್ನು ಕೋಪದ ಜೊತೆ ಬೆರೆಸಿ ಹೇಳುವವರು ಅವರ ಮೊಬೈಲಿನಲ್ಲೇ ಕುಳಿತಿದ್ದಾರೆ.

ಮೂರನೆಯದಾಗಿ, 1948ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತರ ಹೊಸ್ತಿಲಲ್ಲಿದ್ದಾರೆ. ಅವರು ಯಾವ ಓಣಿಯವರೇ ಆಗಿರಲಿ, ಹತ್ತಿರ ಕುಳಿತು ಕೇಳಿ, ಬರೆದಿಡಿ. ನಮ್ಮ ಹುಡುಗಿಯರು ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು; ಅಜ್ಜಿಯಂದಿರು ಗಂಡಸರ ಮುಂದೆ ಹೇಳದ್ದನ್ನು ಮೊಮ್ಮಗಳ ಮುಂದೆ ಹೇಳುತ್ತಾರೆ.

ನಾಲ್ಕನೆಯದಾಗಿ, ಅರ್ಹತೆಯಿರುವ ಪ್ರತಿ ಮಗುವಿಗೂ 371(ಜೆ) ಪ್ರಮಾಣ ಪತ್ರವನ್ನು ಮಾಡಿಸಿ. ಅದನ್ನು ನೀಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಪ್ರವೇಶದ ಕೊನೆಯ ದಿನದ ವರೆಗೆ ಕಾಯಬೇಡಿ. ಹತ್ತನೆಯ ತರಗತಿಯ ಬಳಿಕ ಮಗಳನ್ನು ಮನೆಯಲ್ಲಿ ಕೂರಿಸಿ, ಸಮುದಾಯಕ್ಕೆ ಅನ್ಯಾಯವಾಗಿದೆಯೆಂದು ವೇದಿಕೆಯಲ್ಲಿ ಮಾತಾಡುವುದರಿಂದ ಏನೂ ಬದಲಾಗದು. ಸಂವಿಧಾನವು ತೆರೆದ ಬಾಗಿಲನ್ನು ನಾವೇ ಮುಚ್ಚಿಕೊಂಡರೆ ಆ ಅನ್ಯಾಯಕ್ಕೆ ಯಾರನ್ನು ದೂರುವುದು?

ದಿನಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೊರಳುತ್ತಲೇ ಇರುತ್ತವೆ. ನಿಜಾಮರ ದಿನವು ಹೋಯಿತು, ರಜಾಕಾರರ ದಿನವು ಹೋಯಿತು, ಸೇಡಿನ ದಿನವೂ ಹೋಯಿತು. ಈಗಿರುವುದು ನಮ್ಮ ದಿನ ಮತ್ತು ನಮ್ಮ ನೆರೆಯವರ ದಿನ. ಅದನ್ನು ಮುಂದಿನವರು ಯಾವುದಕ್ಕಾಗಿ ನೆನಪಿಡಬೇಕೆಂಬುದನ್ನು ನಾವು ಇಂದಿನಿಂದಲೇ ಬರೆಯತೊಡಗೋಣ.